ಕಾರಣ ಕೇಳುವ ಹಕ್ಕು: ವಿಚಾರಣೆಯಿಲ್ಲದ ಸೆರೆಯ ಚರಿತ್ರೆ

ಪ್ರಜೆಯ ಪ್ರಾಣ, ಮಾನ, ಸ್ವತ್ತುಗಳನ್ನು ಕಾಯುವುದೇ ರಾಜ್ಯದ ಮೊದಲ ಕರ್ತವ್ಯವೆಂಬುದನ್ನೂ, ಹೊರಗಿನ ಶತ್ರುವನ್ನು ತಡೆಯುವ ಮತ್ತು ಒಳಗಿನ ಕ್ಷೋಭೆಯನ್ನು ಅಡಗಿಸುವ ಶಕ್ತಿಯಿಲ್ಲದ ಸರ್ಕಾರವು ಸರ್ಕಾರವೆನಿಸಿಕೊಳ್ಳಲು ಯೋಗ್ಯವಲ್ಲವೆಂಬುದನ್ನೂ ವಿವೇಕಿಯಾದ ಯಾವ ನಾಗರಿಕನೂ ಅಲ್ಲಗಳೆಯಲಾರನು. ಆದರೆ ಆ ರಕ್ಷಣೆಯ ಹೆಸರಿನಲ್ಲಿಯೇ, ಯಾವ ಅಪರಾಧವೂ ಸಾಬೀತಾಗದ, ಎಷ್ಟೋ ವೇಳೆ ಯಾವ ಅಪರಾಧದ ಆರೋಪವನ್ನೂ ಹೊರದ ಮನುಷ್ಯನೊಬ್ಬನನ್ನು, ಅವನು ಮುಂದೆಂದೋ ಕೇಡು ಮಾಡಬಹುದೆಂಬ ಶಂಕೆಯ ಮೇಲೆ, ಅಧಿಕಾರಿಯ ಒಂದು ಸಹಿಯ ಬಲದಿಂದ ಸೆರೆಗೆ ತಳ್ಳುವ ಪದ್ಧತಿಯು ನಮ್ಮ ದೇಶದಲ್ಲಿ ಇನ್ನೂರು ವರ್ಷಗಳಿಗೂ ಮಿಗಿಲಾಗಿ ನಡೆದುಬಂದಿದೆ. ಅದನ್ನು ತಂದವರು ಪರಕೀಯರು, ಉಳಿಸಿಕೊಂಡವರು ನಾವು. ಈ ಪದ್ಧತಿಯ ಚರಿತ್ರೆಯೆಲ್ಲವೂ ಕಟ್ಟಕಡೆಗೆ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಹಿಡಿದವನು, ತಾನು ಏಕೆ ಹಿಡಿದೆನೆಂಬುದಕ್ಕೆ ನ್ಯಾಯಾಧೀಶನ ಮುಂದೆ ಉತ್ತರ ಹೇಳಲು ಬದ್ಧನೋ, ಅಲ್ಲವೋ?

ಈ ಪದ್ಧತಿಗೆ ಶಾಸನದ ರೂಪ ದೊರೆತದ್ದು ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯಲ್ಲಿ, 1818ರ ಬಂಗಾಳದ ಮೂರನೆಯ ರೆಗ್ಯುಲೇಷನ್ನಿನಿಂದ. ದೇಶೀಯ ಸಂಸ್ಥಾನಗಳೊಡನೆ ಮಾಡಿಕೊಂಡ ಮೈತ್ರಿಯ ನಿರ್ವಹಣೆ, ಪರದೇಶದ ವೈರದಿಂದಲೂ ಆಂತರಿಕ ಕ್ಷೋಭೆಯಿಂದಲೂ ಕಂಪನಿಯ ಸೀಮೆಗಳ ರಕ್ಷಣೆ, ಇಂತಹ ರಾಜ್ಯಕಾರಣಗಳಿಗಾಗಿ ಯಾರ ಮೇಲೆ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡುವುದಕ್ಕೆ ಆಧಾರವಿಲ್ಲವೋ, ಅಥವಾ ಹೂಡುವುದು ಉಚಿತವಲ್ಲವೋ, ಅಂಥವರನ್ನು ಗವರ್ನರ್ ಜನರಲ್ಲನ ವಾರಂಟಿನ ಮೇಲೆ ಸೆರೆಯಲ್ಲಿಡಬಹುದೆಂದು ಅದು ವಿಧಿಸಿತು. ಅದರಲ್ಲಿ ಒಂದು ಬಗೆಯ ಸೌಜನ್ಯವೂ ಇದ್ದಿತು. ರಾಜಕೀಯ ಕೈದಿಯನ್ನು ತನ್ನ ವಶದಲ್ಲಿಟ್ಟುಕೊಂಡ ಅಧಿಕಾರಿಯು ವರ್ಷಕ್ಕೆರಡು ಬಾರಿ ಆತನ ನಡತೆ, ಆರೋಗ್ಯ, ಸೌಕರ್ಯಗಳ ವರದಿಯನ್ನು ಮೇಲಕ್ಕೆ ಕಳುಹಿಸಬೇಕಾಗಿತ್ತು. ಆತನ ಹಾಗೂ ಆತನ ಸಂಸಾರದ ನಿರ್ವಹಣೆಗೆ ತಕ್ಕ ಹಣ ದೊರೆಯುತ್ತಿದೆಯೇ ಎಂದೂ ತಿಳಿಸಬೇಕಾಗಿತ್ತು. ಸೆರೆಯಾಳಿನ ಊಟ ಉಪಚಾರಗಳನ್ನು ಕುರಿತು ಇಷ್ಟು ಯೋಚಿಸಿದ ಆ ಶಾಸನವು, ಆತನು ಏತಕ್ಕಾಗಿ ಸೆರೆಯಲ್ಲಿರುವನೆಂಬುದನ್ನು ವಿಚಾರಿಸುವ ಅಧಿಕಾರವನ್ನು ಮಾತ್ರ ಯಾವ ನ್ಯಾಯಾಧೀಶನಿಗೂ ಕೊಡಲಿಲ್ಲ. ಮದರಾಸಿನಲ್ಲಿ 1819ರಲ್ಲಿಯೂ ಮುಂಬಯಿಯಲ್ಲಿ 1827ರಲ್ಲಿಯೂ ಇದೇ ಅಚ್ಚಿನ ಶಾಸನಗಳು ಬಂದವು.

ಸಂಸ್ಥಾನಿಕರಿಗೆಂದು ಮಾಡಿದ ಈ ಅಸ್ತ್ರವು ಕ್ರಮೇಣ ಸಾರ್ವಜನಿಕ ಕಾರ್ಯಕರ್ತರ ಮೇಲೆ ತಿರುಗಿತು. 1897ರಲ್ಲಿ ಪುಣೆಯ ನಾತು ಸೋದರರು ಮುಂಬಯಿಯ ಶಾಸನಕ್ಕೆ ಸಿಕ್ಕಿದರು. 1907ರಲ್ಲಿ ಲಾಹೋರಿನ ಲಾಲಾ ಲಜಪತರಾಯರನ್ನೂ ಅಜಿತಸಿಂಹರನ್ನೂ 1818ರ ಶಾಸನದ ಮೇರೆಗೆ ಹಿಡಿದು ಬರ್ಮಾದ ಮಂಡಾಲೆಗೆ ಸಾಗಿಸಿದರು. ಆಗ ಲಂಡನ್ನಿನಲ್ಲಿ ಭಾರತ ಮಂತ್ರಿಯಾಗಿದ್ದವರು ಜಾನ್ ಮಾರ್ಲಿ. ಗ್ಲಾಡ್‌ಸ್ಟನ್ನರ ಜೀವನಚರಿತ್ರೆಯನ್ನು ಬರೆದವರು, ಜಾನ್ ಸ್ಟುವರ್ಟ್ ಮಿಲ್ಲರ ಶಿಷ್ಯರು, ವ್ಯಕ್ತಿಸ್ವಾತಂತ್ರ್ಯದ ತತ್ತ್ವವನ್ನು ಜೀವಮಾನವೆಲ್ಲ ಪ್ರತಿಪಾದಿಸಿದವರು. ಅಂಥವರೇ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ವಿಚಾರಣೆಯಿಲ್ಲದ ಆ ಗಡೀಪಾರನ್ನು ಸಮರ್ಥಿಸಬೇಕಾಯಿತು. ಒಳ್ಳೆಯ ಮನುಷ್ಯರ ಕೈಯಲ್ಲಿದ್ದರೆ ಕೆಟ್ಟ ಅಧಿಕಾರವೂ ಒಳ್ಳೆಯದಾಗುವುದೆಂದು ನಂಬುವವರು ಮಾರ್ಲಿಯವರ ಈ ಅವಸ್ಥೆಯನ್ನು ನೆನೆಯಬೇಕು. ಆರು ತಿಂಗಳು ಕಳೆದ ಮೇಲೆ ಲಜಪತರಾಯರನ್ನು, ಹಿಡಿಯುವಾಗ ಹೇಗೆ ಆರೋಪವಿರಲಿಲ್ಲವೋ ಹಾಗೆಯೇ ಯಾವ ತೀರ್ಪೂ ಇಲ್ಲದೆ ಬಿಟ್ಟುಬಿಟ್ಟರು.

ಮೊದಲನೆಯ ಮಹಾಯುದ್ಧ ಬಂದಾಗ 1915ರ ಭಾರತ ರಕ್ಷಣಾ ಶಾಸನವು ಯುದ್ಧಕಾಲಕ್ಕೆ ಮಾತ್ರವೆಂದು ಬಂದಿತು. ಯುದ್ಧ ಮುಗಿಯಿತು; ಯುದ್ಧಕಾಲದ ಅಧಿಕಾರವನ್ನು ಬಿಟ್ಟುಕೊಡುವ ಮನಸ್ಸು ಸರ್ಕಾರಕ್ಕೆ ಬರಲಿಲ್ಲ. ಸಿಡ್ನಿ ರೌಲಟ್ ಅವರ ಸಮಿತಿಯ ವರದಿಯನ್ನು ಹಿಡಿದು 1919ರ ಮಾರ್ಚ್ ತಿಂಗಳಲ್ಲಿ, ಶಾಸನಸಭೆಯ ಭಾರತೀಯ ಚುನಾಯಿತ ಸದಸ್ಯರೆಲ್ಲರ ವಿರೋಧವನ್ನು ಕಡೆಗಣಿಸಿ, ರೌಲಟ್ ಶಾಸನವನ್ನು ಅಂಗೀಕರಿಸಲಾಯಿತು. ಮದನಮೋಹನ ಮಾಲವೀಯರು, ಜಿನ್ನಾ, ಮಜರ್-ಉಲ್-ಹಕ್ ಅವರು ಸದಸ್ಯತ್ವವನ್ನು ತ್ಯಜಿಸಿ ಹೊರಬಂದರು. ವಕೀಲನಿಲ್ಲ, ವಾದವಿಲ್ಲ, ಅಪೀಲಿಲ್ಲ ಎಂದು ಉತ್ತರ ಹಿಂದೂಸ್ಥಾನದ ಬೀದಿಯ ಜನ ಆ ಶಾಸನದ ಸಾರವನ್ನು ಮೂರು ಮಾತಿನಲ್ಲಿ ಹೇಳಿಬಿಟ್ಟರು. ಏಪ್ರಿಲ್ 6ರ ಹರತಾಳ, 13ರ ಜಲಿಯನ್‌ವಾಲಾ ಬಾಗ್, ಇವೆರಡೂ ಅದರ ಬೆನ್ನಿಗೆ ಬಂದವು. ದೇಶದ ಶಾಂತಿಗಾಗಿ ಅತ್ಯವಶ್ಯವೆಂದು ಹಟ ಹಿಡಿದು ತಂದ ಆ ಶಾಸನವನ್ನು ಒಮ್ಮೆಯೂ ಪ್ರಯೋಗಿಸದೆ 1922ರಲ್ಲಿ ರದ್ದುಮಾಡಿದರು. ಶಾಂತಿಗೆಂದು ತಂದದ್ದು ಶಾಂತಿಯನ್ನು ಕೆಡಿಸಿತ್ತು. ಭದ್ರತೆಗೆಂದು ತಂದದ್ದು ಬ್ರಿಟಿಷ್ ಪ್ರಭುತ್ವದ ಮೇಲೆ ಜನಕ್ಕಿದ್ದ ಅಳಿದುಳಿದ ವಿಶ್ವಾಸವನ್ನು ಅಳಿಸಿಹಾಕಿತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಪ್ರಶ್ನೆಯು ಇಂಗ್ಲೆಂಡಿನಲ್ಲಿಯೂ ಭಾರತದಲ್ಲಿಯೂ ನ್ಯಾಯಪೀಠದ ಮುಂದೆ ಬಂದಿತು. 1941ರಲ್ಲಿ ಲಿವರ್ಸಿಡ್ಜ್ ಎಂಬ ಬಂಧಿತನ ಮೊಕದ್ದಮೆಯಲ್ಲಿ, ಗೃಹಮಂತ್ರಿಗೆ ಸಕಾರಣವಾದ ಶಂಕೆಯಿರಬೇಕೆಂದು ನಿಯಮವು ಹೇಳಿದ್ದರೂ, ತನಗೆ ಶಂಕೆಯಿದೆಯೆಂದು ಆತ ಹೇಳಿದರೆ ಅಷ್ಟೇ ಸಾಕೆಂದು ಹೌಸ್ ಆಫ್ ಲಾರ್ಡ್ಸ್‌ನ ನಾಲ್ವರು ನ್ಯಾಯಾಧೀಶರು ತೀರ್ಮಾನಿಸಿದರು. ಲಾರ್ಡ್ ಆಟ್ಕಿನ್ ಒಬ್ಬರೇ ಭಿನ್ನಮತವನ್ನು ಬರೆದು, ಶಸ್ತ್ರಗಳ ಸದ್ದಿನ ನಡುವೆಯೂ ಕಾನೂನು ಮೂಕವಾಗಲಾಗದೆಂದರು. ಅದಾದ ಸ್ವಲ್ಪ ಕಾಲಕ್ಕೆ, 1943ರ ಏಪ್ರಿಲಿನಲ್ಲಿ, ದೆಹಲಿಯ ಫೆಡರಲ್ ಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಮಾರಿಸ್ ಗ್ವೈಯರ್ ಅವರು ಕೇಶವ ತಳಪದೆ ಅವರ ಮೊಕದ್ದಮೆಯಲ್ಲಿ ಭಾರತ ರಕ್ಷಣಾ ನಿಯಮಗಳ 26ನೆಯ ನಿಯಮವು ಶಾಸನದ ಮೇರೆಯನ್ನು ಮೀರಿದುದೆಂದು ತೀರ್ಪಿತ್ತರು. ಸಾವಿರಾರು ಕಾಂಗ್ರೆಸ್ಸಿಗರು ಆಗ ಆ ನಿಯಮದ ಕೆಳಗೆ ಸೆರೆಯಲ್ಲಿದ್ದರು. ಒಂದು ವಾರ ತುಂಬುವುದರೊಳಗೆ ಸರ್ಕಾರವು ಅಧ್ಯಾದೇಶ ಹೊರಡಿಸಿ ಆ ನಿಯಮವನ್ನು ಪೂರ್ವಾನ್ವಯವಾಗಿ ಸಿಂಧುಗೊಳಿಸಿತು.

ಇಂತಹ ಸೆರೆಗಳನ್ನು ಸ್ವತಃ ಅನುಭವಿಸಿದವರೇ ಸ್ವತಂತ್ರ ಭಾರತದ ಸಂವಿಧಾನವನ್ನು ರಚಿಸಲು ಕುಳಿತುದರಿಂದ, ಈ ಪದ್ಧತಿಗೆ ಅಲ್ಲಿ ಮಂಗಳ ಹಾಡುವರೆಂದು ಯಾರಾದರೂ ನಿರೀಕ್ಷಿಸಬಹುದಾಗಿತ್ತು. ಆದುದು ಬೇರೆ. ಸಂವಿಧಾನ ಸಭೆಯ ಸಲಹೆಗಾರರೂ ದಕ್ಷಿಣ ಕನ್ನಡದ ಬೆನಗಲ್ ಮನೆತನದವರೂ ಆದ ಬಿ. ಎನ್. ರಾಯರು 1947ರಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿನ ಸರ್ವೋಚ್ಚ ನ್ಯಾಯಾಲಯದ ಫೀಲಿಕ್ಸ್ ಫ್ರಾಂಕ್‌ಫರ್ಟರರೊಡನೆ ಸಮಾಲೋಚಿಸಿ ಬಂದರು. ಕಾನೂನಿನ ನ್ಯಾಯಸಮ್ಮತತೆಯನ್ನೇ ಪರೀಕ್ಷಿಸುವ ಅಧಿಕಾರ ನ್ಯಾಯಾಧೀಶರಿಗಿದ್ದರೆ ಜನಪ್ರತಿನಿಧಿಗಳ ಕೈ ಕಟ್ಟಿದಂತಾಗುವುದೆಂಬ ಅಭಿಪ್ರಾಯ ಬಲವಾಯಿತು. ಹೀಗೆ ಇಪ್ಪತ್ತೊಂದನೆಯ ಅನುಚ್ಛೇದವಾಗಲಿದ್ದ ವಿಧಿಯಲ್ಲಿ, ಕಾನೂನು ಗೊತ್ತುಪಡಿಸಿದ ಕ್ರಮವಿದ್ದರೆ ಸಾಕು, ಸ್ವಾತಂತ್ರ್ಯವನ್ನು ಕಳೆಯಬಹುದು ಎಂಬ ವಾಕ್ಯ ನಿಂತಿತು. ಇದು ಪಾರ್ಲಿಮೆಂಟಿಗೆ ಯಾರನ್ನು ಬೇಕಾದರೂ ಹಿಡಿಸುವ ನಿರಂಕುಶಾಧಿಕಾರವನ್ನು ಕೊಟ್ಟಂತಾಯಿತೆಂಬ ಆಕ್ಷೇಪವನ್ನು ಮನಗಂಡ ಡಾ. ಅಂಬೇಡ್ಕರ್ ಅವರು 1949ರ ಸೆಪ್ಟೆಂಬರಿನಲ್ಲಿ ಪರಿಹಾರರೂಪವಾಗಿ ಹೊಸದೊಂದು ವಿಧಿಯನ್ನು ತಂದರು. ಅದೇ ಇಂದಿನ ಇಪ್ಪತ್ತೆರಡನೆಯ ಅನುಚ್ಛೇದ. ಬಂಧಿತನಿಗೆ ಕಾರಣವನ್ನು ತಿಳಿಸಬೇಕು, ವಕೀಲನ ನೆರವು ದೊರೆಯಬೇಕು, 24 ಗಂಟೆಗಳೊಳಗಾಗಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂದು ಅದರ ಮೊದಲ ಭಾಗ ಹೇಳುತ್ತದೆ. ಮುಂಜಾಗ್ರತಾ ಬಂಧನಕ್ಕೊಳಗಾದವನಿಗೆ ವಕೀಲನೂ ಇಲ್ಲ, 24 ಗಂಟೆಗಳ ರಕ್ಷಣೆಯೂ ಇಲ್ಲ ಎಂದು ಅದರ ಮುಂದಿನ ಭಾಗ ಹೇಳುತ್ತದೆ. ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆಯೇ ಮೂರು ತಿಂಗಳು ಇರಿಸಿಕೊಳ್ಳಬಹುದು. ಕಾರಣಗಳನ್ನು ತಿಳಿಸಬೇಕಾದರೂ, ಸಾರ್ವಜನಿಕ ಹಿತಕ್ಕೆ ಬಾಧಕವೆಂದು ತೋರಿದ ಸಂಗತಿಗಳನ್ನು ಮುಚ್ಚಿಡಬಹುದು. ಸಭೆಯಲ್ಲಿದ್ದ ಮಹಾವೀರ ತ್ಯಾಗಿಯವರು, ಕರಡು ಸಮಿತಿಯವರಿಗೆ ಸೆರೆಮನೆಯ ಅನುಭವವಿದ್ದಿದ್ದರೆ ಇಂತಹ ವಿಧಿಯನ್ನು ಬರೆಯುತ್ತಿರಲಿಲ್ಲವೆಂದು ನೊಂದು ನುಡಿದರು. ಶಾಂತಿಕಾಲದ ಮುಂಜಾಗ್ರತಾ ಬಂಧನವು ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿಯೇ ಹೀಗೆ ಸ್ಥಾನ ಪಡೆಯಿತು.

ಗಣರಾಜ್ಯ ಹುಟ್ಟಿ ಒಂದು ತಿಂಗಳು ತುಂಬುತ್ತಲೇ, 1950ರ ಫೆಬ್ರವರಿ 26ರಂದು, ಮುಂಜಾಗ್ರತಾ ಬಂಧನ ಶಾಸನವೂ ಬಂದಿತು. ಆ ಮಸೂದೆಯನ್ನು ಮಂಡಿಸುವ ಮೊದಲು ತಾವು ನಿದ್ರೆಯಿಲ್ಲದ ರಾತ್ರಿಗಳನ್ನು ಕಳೆದುದಾಗಿ ಸರ್ದಾರ್ ಪಟೇಲರು ಹೇಳಿಕೊಂಡರು. ಅದನ್ನು ನಾವು ಪೂರ್ಣವಾಗಿ ನಂಬಬಹುದು. ವಿಭಜನೆಯ ರಕ್ತಪಾತ, ತೆಲಂಗಾಣದ ಸಶಸ್ತ್ರ ಹೋರಾಟ, ಇವು ಕಣ್ಣೆದುರಿಗಿದ್ದವು. ಒಂದು ವರ್ಷದ ಮಟ್ಟಿಗೆಂದು ಬಂದ ಆ ಶಾಸನವು ಮತ್ತೆ ಮತ್ತೆ ವಿಸ್ತರಣೆ ಪಡೆದು 1969ರ ಕೊನೆಯ ದಿನದವರೆಗೆ ಬದುಕಿತು. ಅದರ ಮೊದಲ ದೊಡ್ಡ ಪರೀಕ್ಷೆ, 1947ರ ಡಿಸೆಂಬರಿನಿಂದ ಸೆರೆಯಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರ ಮೊಕದ್ದಮೆ. ಅವರ ಪರವಾಗಿ ವಾದಿಸಿದವರು ಹಿಂದೆ ಮಂಗಳೂರಿನಲ್ಲಿ ವಕೀಲಿ ನಡೆಸಿದ್ದ ಎಂ. ಕೆ. ನಂಬಿಯಾರರು. 1950ರ ಮೇ 19ರ ತೀರ್ಪಿನಲ್ಲಿ ಬಹುಮತವು ಶಾಸನವನ್ನು ಎತ್ತಿಹಿಡಿಯಿತು. ಕಾನೂನಿನ ಕ್ರಮವೆಂದ ಮೇಲೆ ಅದರಲ್ಲಿ ನ್ಯಾಯದ ಕನಿಷ್ಠ ಲಕ್ಷಣಗಳಿರಬೇಕೆಂಬ ಮತವನ್ನು ನ್ಯಾಯಮೂರ್ತಿ ಫಜ಼ಲ್ ಅಲಿಯವರು ಬರೆದಿಟ್ಟರು. ಆದರೆ ಒಂದು ವಿಧಿಯನ್ನು ಮಾತ್ರ ನ್ಯಾಯಾಲಯ ಸಹಿಸಲಿಲ್ಲ. ಬಂಧನಕ್ಕೆ ಕೊಟ್ಟ ಕಾರಣಗಳನ್ನು ನ್ಯಾಯಾಲಯದ ಮುಂದೆ ಬಾಯಿಬಿಟ್ಟು ಹೇಳುವುದೇ ಅಪರಾಧವೆಂದಿದ್ದ 14ನೆಯ ಪ್ರಕರಣವನ್ನು ಅದು ತೊಡೆದುಹಾಕಿತು. ಕಾರಣವನ್ನು ಕೇಳುವ ಹಕ್ಕು ಅಂದು ಕೂದಲೆಳೆಯಷ್ಟು ಅಂತರದಲ್ಲಿ ಉಳಿಯಿತು.

ಉಳಿದ ಆ ಎಳೆಯೂ ಕಡಿದುಹೋದದ್ದು 1975ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲು, ಪೂರ್ವ ಬಂಗಾಳದ ಸಂಕಟಕಾಲದಲ್ಲಿ, ಆಂತರಿಕ ಭದ್ರತೆಯ ಪಾಲನೆಗೆಂದು ಬಂದ ಮೀಸಾ ಶಾಸನವು ಕೈಗೆ ಸಿದ್ಧವಾಗಿತ್ತು. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಯಾಯಿತು. 27ರಂದು ರಾಷ್ಟ್ರಪತಿಗಳ ಆಜ್ಞೆಯು 14, 21, 22ನೆಯ ಅನುಚ್ಛೇದಗಳಿಗಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಅಮಾನತಿನಲ್ಲಿಟ್ಟಿತು. 29ರ ಅಧ್ಯಾದೇಶವು, ಬಂಧಿತನಿಗೆ ಬಂಧನದ ಕಾರಣವನ್ನು ತಿಳಿಸಬೇಕಾಗಿಲ್ಲವೆಂಬ ಹೊಸ ವಿಧಿಯನ್ನು ಮೀಸಾದೊಳಗೆ ಸೇರಿಸಿತು.

ಈ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಡೆದುದು ಬೆಂಗಳೂರಿನಲ್ಲಿ. ಪಕ್ಷಾಂತರವನ್ನು ತಡೆಯುವ ಮಸೂದೆಯನ್ನು ಪರಿಶೀಲಿಸುತ್ತಿದ್ದ ಸಂಸದೀಯ ಸಮಿತಿಯ ಸಭೆಗೆಂದು ಬಂದು ಶಾಸಕರ ಭವನದಲ್ಲಿ ಇಳಿದುಕೊಂಡಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರರನ್ನು ಜೂನ್ 26ರಂದು ಪೊಲೀಸರು ಹಿಡಿದು ಶೇಷಾದ್ರಿ ರಸ್ತೆಯ ಬಳಿಯ ಕೇಂದ್ರ ಕಾರಾಗೃಹಕ್ಕೆ ಕರೆದೊಯ್ದರು. ಅವರು ಕರ್ನಾಟಕದ ಉಚ್ಚ ನ್ಯಾಯಾಲಯಕ್ಕೆ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಸಲ್ಲಿಸಿದರು. ಬಂಧಿತನ ಶರೀರವನ್ನು ನ್ಯಾಯಾಧೀಶನೆದುರು ತಂದು ನಿಲ್ಲಿಸಿ ಬಂಧನದ ಆಧಾರವನ್ನು ತೋರಿಸಿರೆಂದು ಆಜ್ಞಾಪಿಸುವ ಈ ರಿಟ್ಟಿಗೆ ಇಂಗ್ಲೆಂಡು 1679ರಷ್ಟು ಹಿಂದೆಯೇ ಶಾಸನದ ಬಲವನ್ನು ಕೊಟ್ಟಿತ್ತು. ತುರ್ತು ಪರಿಸ್ಥಿತಿಯಲ್ಲಿ ಇಂತಹ ಅರ್ಜಿಯೇ ನಿಲ್ಲುವುದಿಲ್ಲವೆಂದು ಸರ್ಕಾರ ವಾದಿಸಿತು. ಕರ್ನಾಟಕದ ಉಚ್ಚ ನ್ಯಾಯಾಲಯವು ಆ ವಾದವನ್ನು ಒಪ್ಪಲಿಲ್ಲ. ದೇಶದ ಇನ್ನಿತರ ಹಲವು ಉಚ್ಚ ನ್ಯಾಯಾಲಯಗಳೂ ಒಪ್ಪಲಿಲ್ಲ. ಮರುವರ್ಷ 16 ಮಂದಿ ಉಚ್ಚ ನ್ಯಾಯಾಧೀಶರನ್ನು ಅವರ ಸಮ್ಮತಿಯಿಲ್ಲದೆ ದೂರದ ರಾಜ್ಯಗಳಿಗೆ ವರ್ಗಮಾಡಲಾಯಿತು. ಅವರಲ್ಲಿ ಕರ್ನಾಟಕದ ಡಿ. ಎಂ. ಚಂದ್ರಶೇಖರ್ ಅವರು ಅಲಹಾಬಾದಿಗೂ ಎಂ. ಸದಾನಂದಸ್ವಾಮಿಯವರು ಗೌಹಾಟಿಗೂ ಹೋಗಬೇಕಾಯಿತು.

ಉಚ್ಚ ನ್ಯಾಯಾಲಯಗಳ ಈ ನಿರ್ಣಯಗಳ ಮೇಲಣ ಅಪೀಲುಗಳೆಲ್ಲ ಜಬಲ್ಪುರದ ಮೊಕದ್ದಮೆಯೆಂಬ ಹೆಸರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಮುಂದೆ ಒಂದುಗೂಡಿದವು. ವಾದದ ನಡುವೆ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಕೇಳಿದ ಪ್ರಶ್ನೆ ಪ್ರಸಿದ್ಧವಾಗಿದೆ: ಪೊಲೀಸನೊಬ್ಬನು ಕೇವಲ ಸ್ವಂತ ದ್ವೇಷದಿಂದ ಒಬ್ಬ ಮನುಷ್ಯನನ್ನು ಕೊಂದರೆ ಆಗಲೂ ನ್ಯಾಯಾಲಯದಲ್ಲಿ ಪರಿಹಾರವಿಲ್ಲವೇ? ತಮ್ಮ ಅಂತಃಕರಣಕ್ಕೂ ಆಘಾತವಾಗುವ ಮಾತಾದರೂ, ತಮ್ಮ ವಾದದ ಪ್ರಕಾರ ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲವೆಂದು ಅವರು ಒಪ್ಪಿಕೊಂಡರು. 1976ರ ಏಪ್ರಿಲ್ 28ರಂದು ಮುಖ್ಯ ನ್ಯಾಯಮೂರ್ತಿ ಎ. ಎನ್. ರೇ, ಎಂ. ಎಚ್. ಬೇಗ್, ವೈ. ವಿ. ಚಂದ್ರಚೂಡ್, ಪಿ. ಎನ್. ಭಗವತಿ ಈ ನಾಲ್ವರು ಸರ್ಕಾರದ ಪಕ್ಷವನ್ನು ಎತ್ತಿಹಿಡಿದರು. ಬಂಧಿತರಿಗೆ ಒಳ್ಳೆಯ ವಸತಿ, ಒಳ್ಳೆಯ ಊಟ, ತಾಯಿಯಂತಹ ಆರೈಕೆ ದೊರೆಯುತ್ತಿದೆಯೆಂಬ ಅರ್ಥದ ಮಾತು ಬೇಗರ ತೀರ್ಪಿನಲ್ಲಿ ಸೇರಿತು. 1818ರ ಶಾಸನದ ಮನೋಧರ್ಮವೇ ನೂರೈವತ್ತೆಂಟು ವರ್ಷಗಳ ತರುವಾಯ ಸ್ವತಂತ್ರ ದೇಶದ ಅತ್ಯುನ್ನತ ಪೀಠದಿಂದ ಮಾತನಾಡಿತು. ಜೀವವೂ ಸ್ವಾತಂತ್ರ್ಯವೂ ಸಂವಿಧಾನದ ದಾನವಲ್ಲ, ಅದರ ವಿಧಿಯೊಂದು ಅಮಾನತಿನಲ್ಲಿದ್ದಾಗಲೂ ಕಾನೂನಿನ ಆಧಾರವಿಲ್ಲದೆ ಅವನ್ನು ಕಸಿಯುವ ಅಧಿಕಾರ ರಾಜ್ಯಕ್ಕಿಲ್ಲ ಎಂದು ಖನ್ನಾ ಒಬ್ಬರೇ ಬರೆದರು. ಆ ತೀರ್ಪಿನಿಂದ ಮುಖ್ಯ ನ್ಯಾಯಮೂರ್ತಿಯ ಸ್ಥಾನ ಕೈತಪ್ಪುವುದೆಂದು ಹರಿದ್ವಾರದಲ್ಲಿ ತಮ್ಮ ಸೋದರಿಗೆ ಮೊದಲೇ ಹೇಳಿದ್ದುದನ್ನು ಅವರು ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಹಾಗೆಯೇ ಆಯಿತು, 1977ರ ಜನವರಿಯಲ್ಲಿ ಅವರನ್ನು ದಾಟಿ ಬೇಗರಿಗೆ ಆ ಸ್ಥಾನವನ್ನು ಕೊಟ್ಟಾಗ ಖನ್ನಾ ರಾಜೀನಾಮೆಯಿತ್ತರು.

ತಾಯಿಯ ಆರೈಕೆ ಎಂತಹುದಾಗಿತ್ತೆಂಬುದಕ್ಕೆ ಬೆಂಗಳೂರಿನ ಅದೇ ಕಾರಾಗೃಹವೇ ಸಾಕ್ಷಿ. ತೀರ್ಪು ಬಂದ ನಾಲ್ಕೇ ದಿನಕ್ಕೆ, 1976ರ ಮೇ 2ರಂದು, 'ಸಂಸ್ಕಾರ' ಚಲನಚಿತ್ರದ ಚಂದ್ರಿಯಾಗಿ ಕನ್ನಡಿಗರ ಮನಸ್ಸಿನಲ್ಲಿ ನಿಂತಿದ್ದ ಸ್ನೇಹಲತಾ ರೆಡ್ಡಿಯವರನ್ನು, ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಸ್ಫೋಟದ ಸಂಚು ಹೂಡಿದರೆಂಬ ಬರೋಡ ಡೈನಮೈಟ್ ಪ್ರಕರಣದ ಸಂಬಂಧವಾಗಿ ಬಂಧಿಸಿದರು. ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾದ ಕೆಳಗೆ ಅವರ ಸೆರೆ ಮುಂದುವರಿಯಿತು. ತೀವ್ರವಾದ ಆಸ್ತಮಾ ಇದ್ದ ಆಕೆಯನ್ನು ಒಬ್ಬರಿಗೆ ಸಾಲುವಷ್ಟು ಕಿರಿದಾದ ಕೋಣೆಯಲ್ಲಿಟ್ಟರು. ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಚೀತ್ಕಾರ ಕೇಳಿಬರುತ್ತಿದ್ದುದನ್ನು ಅಲ್ಲಿಯೇ ಸೆರೆಯಲ್ಲಿದ್ದ ಮಧು ದಂಡವತೆಯವರು ಬರೆದಿದ್ದಾರೆ. ಅಂತಹ ಸ್ಥಿತಿಯಲ್ಲಿಯೂ ಆಕೆ ದಿನಚರಿ ಬರೆದರು. ಜೊತೆಯ ಸ್ತ್ರೀ ಕೈದಿಗಳನ್ನು ಹೊಡೆಯುವುದನ್ನು ಪ್ರತಿಭಟಿಸಿದರು. ದೇಹಸ್ಥಿತಿ ಪೂರ್ತಿ ಕೆಟ್ಟ ಮೇಲೆ 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು. 20ರಂದು ಆಕೆ ತೀರಿಕೊಂಡರು. ನೆರೆಯ ಕೇರಳದಲ್ಲಿ, ಕಲ್ಲಿಕೋಟೆಯ ಇಂಜಿನಿಯರಿಂಗ್ ವಿದ್ಯಾರ್ಥಿ ರಾಜನ್ 1976ರ ಮಾರ್ಚ್ 1ರಂದು ಪೊಲೀಸರ ವಶಕ್ಕೆ ಹೋದವನು ಮರಳಲಿಲ್ಲ. ಮಗನೆಲ್ಲಿ ಎಂದು ತಂದೆ ಈಚರ ವಾರಿಯರರು ಕಚೇರಿ ಕಚೇರಿಗೆ ಅಲೆದರು. 1977ರ ಮಾರ್ಚಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಗೆ ಮತ್ತೆ ಜೀವ ಬಂದ ಮೇಲಷ್ಟೇ ಸರ್ಕಾರವು ಉತ್ತರ ಹೇಳಬೇಕಾಯಿತು. ಸಿಕ್ಕ ಉತ್ತರ, ಮಗನು ಪೊಲೀಸರ ಕೈಯಲ್ಲಿ ಸತ್ತನೆಂಬುದು. ನ್ಯಾಯಾಧೀಶನು ಕೇಳುವ ಆ ಒಂದು ಪ್ರಶ್ನೆ ಸಕಾಲದಲ್ಲಿ ಬಂದಿದ್ದರೆ ಆ ತರುಣನು ಉಳಿಯುತ್ತಿದ್ದನೋ ಏನೋ. ಆ ಪ್ರಶ್ನೆಯನ್ನು ಕೇಳಲಾಗದಂತೆ ಕಾನೂನೇ ಬಾಯಿ ಕಟ್ಟಿತ್ತೆಂಬುದು ಮಾತ್ರ ನಿಶ್ಚಯ.

ಆ ಕಾಲದಲ್ಲಿ ಮೀಸಾ ಮತ್ತು ರಕ್ಷಣಾ ನಿಯಮಗಳ ಕೆಳಗೆ ಸೆರೆಯಾದವರ ಸಂಖ್ಯೆ 1,10,000ವನ್ನು ಮೀರಿತೆಂದು, ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಷಾ ಆಯೋಗವು ಲೆಕ್ಕ ಹಾಕಿತು. ಪೊಲೀಸರು ತಂದ ಪಟ್ಟಿಗೆ ಮ್ಯಾಜಿಸ್ಟ್ರೇಟರು ಆಧಾರವನ್ನು ಪರಿಶೀಲಿಸದೆ ರುಜು ಹಾಕಿದ ನಿದರ್ಶನಗಳನ್ನೂ ಅದು ಬಯಲಿಗೆ ತಂದಿತು. ಕೇಳುವವರಿಲ್ಲದೆಡೆ ಪರಿಶೀಲನೆಯ ಶ್ರಮವನ್ನು ಯಾವ ಅಧಿಕಾರಿ ತಾನೆ ವಹಿಸುವನು?

ಪ್ರಾಯಶ್ಚಿತ್ತವೂ ಉಂಟಾಯಿತು. 1978ರಲ್ಲಿ ಮೀಸಾ ರದ್ದಾಯಿತು. ಅದೇ ವರ್ಷ ಪಾರ್ಲಿಮೆಂಟು ಅಂಗೀಕರಿಸಿದ ಸಂವಿಧಾನದ 44ನೆಯ ತಿದ್ದುಪಡಿಯು, ಯಾವ ತುರ್ತು ಪರಿಸ್ಥಿತಿಯಲ್ಲಿಯೂ 20 ಮತ್ತು 21ನೆಯ ಅನುಚ್ಛೇದಗಳನ್ನು ಅಮಾನತಿನಲ್ಲಿಡಲಾಗದೆಂದು ವಿಧಿಸಿತು. 2017ರ ಆಗಸ್ಟ್ 24ರಂದು, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಖಾಸಗಿತನದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು ಜಬಲ್ಪುರದ ತೀರ್ಪನ್ನು ಹೆಸರಿಟ್ಟು ತಳ್ಳಿಹಾಕಿತು. ಹಾಗೆ ಬರೆದ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರು ಅಂದಿನ ನಾಲ್ವರಲ್ಲಿ ಒಬ್ಬರ ಪುತ್ರರು. 2024ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯವು, ಕಾನೂನುಬಾಹಿರ ಚಟುವಟಿಕೆಗಳನ್ನು ತಡೆಯುವ ಯು.ಎ.ಪಿ.ಎ. ಶಾಸನದ ಮೇರೆಗೆ ಹಿಡಿದವನಿಗೂ ಬಂಧನದ ಕಾರಣಗಳನ್ನು ಬರಹದಲ್ಲಿಯೇ ಕೊಡತಕ್ಕದ್ದೆಂದು ವಿಧಿಸಿತು.

ಆದರೂ ಪದ್ಧತಿ ಮುಗಿದಿಲ್ಲ. ಮೀಸಾ ಹೋದ ಎರಡೇ ವರ್ಷಕ್ಕೆ, 1980ರಲ್ಲಿ, ರಾಷ್ಟ್ರೀಯ ಭದ್ರತಾ ಶಾಸನ ಬಂದಿತು; ಅದು ಇಂದಿಗೂ ಜಾರಿಯಲ್ಲಿದೆ. ಭಯೋತ್ಪಾದನೆಯನ್ನು ತಡೆಯಲೆಂದು 1985ರ ಟಾಡಾ, 2002ರ ಪೋಟಾ ಶಾಸನಗಳು ಬಂದು ಹೋದವು. ಅವುಗಳ ಕಠಿಣ ವಿಧಿಗಳಲ್ಲಿ ಹಲವು ಯು.ಎ.ಪಿ.ಎ.ಯ ತಿದ್ದುಪಡಿಗಳೊಳಗೆ ಮನೆಮಾಡಿಕೊಂಡವು. ಇವುಗಳಲ್ಲಿ ಒಂದೊಂದೂ ವಿಶೇಷ ಕಾಲಕ್ಕೆಂದು ಬಂದುದೇ. ವಿಶೇಷ ಕಾಲ ಕಳೆದರೂ ಅಧಿಕಾರವು ಹೆಸರು ಬದಲಾಯಿಸಿಕೊಂಡು ಉಳಿದಿದೆ.

ಭಯೋತ್ಪಾದನೆಯಂತಹ ಘೋರ ಅಪಾಯವನ್ನು ಸಾಧಾರಣ ನ್ಯಾಯದಿಂದ ಎದುರಿಸಲಾಗದೆಂದು ಹೇಳುವವರಿದ್ದಾರೆ. ಅವರ ಆತಂಕವನ್ನು ಹಗುರವಾಗಿ ಕಾಣಬಾರದು. ಆದರೆ 2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ದಾಳಿ ಮಾಡಿದವರಲ್ಲಿ ಜೀವಂತ ಸಿಕ್ಕಿದ ಏಕೈಕ ಮನುಷ್ಯ ಕಸಬ್‌ನಿಗೆ ನಮ್ಮ ನ್ಯಾಯಾಲಯವು ವಕೀಲರನ್ನು ಗೊತ್ತುಮಾಡಿಕೊಟ್ಟಿತು. ಸಾಕ್ಷ್ಯದ ಮೇಲೆ ವಿಚಾರಣೆ ನಡೆಯಿತು. ಅಪೀಲು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2012ರಲ್ಲಿ ಶಿಕ್ಷೆ ಜಾರಿಯಾಯಿತು. ಇದರಿಂದ ಭಾರತದ ಭದ್ರತೆ ಕುಗ್ಗಿತೆಂದು ಯಾರೂ ಹೇಳಲಾರರು. ಇಷ್ಟನ್ನು ಪರದೇಶದ ಆಕ್ರಮಣಕಾರನಿಗೆ ಕೊಡಬಲ್ಲ ರಾಜ್ಯವು, ಶಂಕೆಯೊಂದರ ಮೇಲೆ ಹಿಡಿದ ತನ್ನ ಪ್ರಜೆಗೆ ಏಕೆ ಕೊಡಲಾರದು?

ಮಾಡಬೇಕಾದುದು ಹೊಸದೇನೂ ಅಲ್ಲ. ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆ ಎರಡು ತಿಂಗಳಿಗಿಂತ ಹೆಚ್ಚು ಸೆರೆಯಲ್ಲಿಡಬಾರದು, ಆ ಮಂಡಳಿಯನ್ನು ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳ ಶಿಫಾರಸಿನಂತೆ ರಚಿಸಬೇಕು ಎಂದು 44ನೆಯ ತಿದ್ದುಪಡಿಯ ಮೂರನೆಯ ಪ್ರಕರಣವು ಆಗಲೇ ಹೇಳಿದೆ. ಅದು ಜಾರಿಗೆ ಬರಬೇಕಾದರೆ ಕೇಂದ್ರ ಸರ್ಕಾರವು ದಿನಾಂಕವನ್ನು ಗೊತ್ತುಪಡಿಸಿ ಒಂದು ಅಧಿಸೂಚನೆಯನ್ನು ಹೊರಡಿಸಿದರೆ ಸಾಕು. ಎಲ್ಲ ಪಕ್ಷಗಳ ಸರ್ಕಾರಗಳೂ ಬಂದು ಹೋದವು. ಮೀಸಾದಲ್ಲಿ ಸೆರೆಯಿದ್ದವರೇ ಪ್ರಧಾನಮಂತ್ರಿಯೂ ಗೃಹಮಂತ್ರಿಯೂ ಆದರು. ಆ ದಿನಾಂಕ ಮಾತ್ರ ಗೊತ್ತಾಗಲಿಲ್ಲ. ಸರ್ಕಾರವನ್ನು ಒತ್ತಾಯಿಸುವ ಅಧಿಕಾರ ತನಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಎ. ಕೆ. ರಾಯ್ ಅವರ ಮೊಕದ್ದಮೆಯಲ್ಲಿ ಹೇಳಿಬಿಟ್ಟಿದೆ. ಆದುದರಿಂದ ಒತ್ತಾಯಿಸುವ ಹೊಣೆ ಪ್ರಜೆಗಳ ಮೇಲೆ ಬಿದ್ದಿದೆ. ಬೆಂಗಳೂರಿನ ಆ ಹಳೆಯ ಕಾರಾಗೃಹವು ಈಗ ಫ್ರೀಡಂ ಪಾರ್ಕ್ ಆಗಿದೆ. ನಗರದ ಧರಣಿ ಪ್ರತಿಭಟನೆಗಳಿಗೆ ನಿಗದಿಯಾದ ಸ್ಥಳವೂ ಅದೇ. ಅಲ್ಲಿ ಪ್ರತಿದಿನವೂ ಒಂದಲ್ಲ ಒಂದು ಬೇಡಿಕೆಯನ್ನು ಹೊತ್ತು ಸೇರುವ ಜನರು ಈ ಅಧಿಸೂಚನೆಯ ಬೇಡಿಕೆಯನ್ನೂ ತಮ್ಮ ಪಟ್ಟಿಗೆ ಸೇರಿಸಿಕೊಳ್ಳಲಿ. ಏಕೆಂದರೆ, ಹಿಡಿದವರನ್ನು ಕಾರಣ ಕೇಳುವ ಹಕ್ಕು ಉಳಿದರೆ ಮಾತ್ರ ಇತರ ಬೇಡಿಕೆಗಳನ್ನು ಸೆರೆಯ ಭಯವಿಲ್ಲದೆ ಮುಂದಿಡುವುದು ಸಾಧ್ಯ.